ಟಾಂಗಾ ಹೂಡುವ ಮೊದಲು: ಕುದುರೆಯ ಒದೆಯಿಂದ ಪಾರಾಗುವ ಬಗೆ

ಭೀಮಾ ದಂಡೆಯ ಅಗರಖೇಡದಲ್ಲಿ ಗಾಡಿ ಅಂದರೆ ಎತ್ತಿನ ಗಾಡಿ. ಇದೇ ನದಿಯ ಹೆಸರು ಹೊತ್ತ ಭೀಮಥಡಿ ಕುದುರೆಗಳು ಮರಾಠರ ದಂಡಿನಲ್ಲಿ ಹೆಸರು ಮಾಡಿದ್ದವು, ವಿಜಯಪುರದ ಟಾಂಗಾಗಳು ಪ್ರವಾಸಿಗರನ್ನು ಗೋಲಗುಮ್ಮಟಕ್ಕೆ ಕರೆದೊಯ್ಯುವುದೂ ಗೊತ್ತಿರುವುದೇ. ಆದರೆ ಇಂಡಿ, ಸಿಂದಗಿ ಕಡೆಯ ಹಳ್ಳಿಯಿಂದ ಕುದುರೆಗಾಡಿ ಕಲಿಯಲು ಹೊರಟವರ ಕೈಗೆ ರೂಢಿಯಾಗಿರುವುದು ಎತ್ತು. ಅಪಾಯ ಶುರುವಾಗುವುದು ಅಲ್ಲೇ. ಎತ್ತು ಹಾಯುತ್ತದೆಂದು ಅದರ ಮುಂದಿನಿಂದ ಸರಿಯುತ್ತೇವೆ. ಮೂಕಿಯ ಮೇಲೆ ಕೂತು ಬಾಲ ತಿರುಚುತ್ತೇವೆ, ಕಾಲಿನಿಂದ ತಿವಿಯುತ್ತೇವೆ. ಎತ್ತಿಗೂ ಅದು ಹಿಂಸೆಯೇ. ಕುದುರೆಗೆ ಹೀಗೆ ಮಾಡಿದರೆ ಉತ್ತರ ಹಿಂಗಾಲಿನಿಂದ ಬರುತ್ತದೆ.

ಮೊದಲು ಮೈ ನೋಡಿ

ಕುದುರೆ ಒದೆಯುವುದು ಹೆಚ್ಚಾಗಿ ನೋವಿಗೆ ಇಲ್ಲವೇ ಹೆದರಿಕೆಗೆ. ಪಟ್ಟಿ ಉಜ್ಜುವ ಜಾಗದಲ್ಲಿ ಹುಣ್ಣಿದೆಯೇ, ಲಾಳ ಸಡಿಲವಾಗಿದೆಯೇ, ಹೊಟ್ಟೆಯಡಿ ನೊಣ ಮುತ್ತಿವೆಯೇ ನೋಡಿ. ಹುಣ್ಣಿದ್ದರೆ ಅಂದು ಹೂಡಬೇಡಿ. ಮುಳ್ಳಿರುವ ಕಡಿವಾಣವನ್ನು 1965ರ ಭಾರ ಎಳೆಯುವ ಪ್ರಾಣಿಗಳ ನಿಯಮಗಳು ನಿಷೇಧಿಸಿವೆ. ಉಷ್ಣಾಂಶ 37 ಡಿಗ್ರಿ ದಾಟಿದಾಗ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ ಎಂಬುದೂ ಅದೇ ನಿಯಮ. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ತಿಂಗಳುಗಟ್ಟಲೆ ಪಾಲಿಸಬೇಕಾದ ಮಾತು.

ಹತ್ತಿರ ಹೋಗುವುದು

ಕುದುರೆಗೆ ತನ್ನ ಸುತ್ತಲಿನದು ಬಹುಪಾಲು ಕಾಣುತ್ತದೆ. ಬಾಲದ ನೇರ ಹಿಂದಿನದು, ಹಣೆಯ ನೇರ ಮುಂದೆ ತೀರಾ ಹತ್ತಿರದ್ದು ಮಾತ್ರ ಕಾಣದು. ಆದ್ದರಿಂದ ಮಾತಾಡುತ್ತಾ, ಓರೆಯಾಗಿ ಭುಜದ ಕಡೆಯಿಂದ ಬನ್ನಿ. ಹಿಂದಿನಿಂದ ದಾಟಬೇಕಾದರೆ ಹತ್ತು-ಹನ್ನೆರಡು ಅಡಿ ದೂರ ಸುತ್ತಿ ಹೋಗಿ. ಜಾಗ ಇಲ್ಲದಿದ್ದರೆ ಬೆನ್ನ ಮೇಲೆ ಕೈಯಿಟ್ಟು, ಮೈಗೆ ಅಂಟಿಕೊಂಡೇ ಸಾಗಿ. ಅಷ್ಟು ಹತ್ತಿರದಲ್ಲಿ ಒದೆಗೆ ಬೀಸು ಸಿಗುವುದಿಲ್ಲ. ನಾಲ್ಕೈದು ಅಡಿ ದೂರದಲ್ಲಿ ನಿಲ್ಲುವುದೇ ಎಲ್ಲಕ್ಕಿಂತ ಕೆಟ್ಟದ್ದು.

ಕಿವಿ ಹಿಂದಕ್ಕೆ ಅಂಟಿದರೆ, ಬಾಲ ಜಾಡಿಸಿದರೆ ಅಥವಾ ಬಿಗಿಹಿಡಿದರೆ, ಒಂದು ಹಿಂಗಾಲು ಮೇಲೆತ್ತಿದರೆ ಸರಿದುಬಿಡಿ. ಹಿಂಗಾಲು ಪಕ್ಕಕ್ಕೂ ಬೀಸುತ್ತದೆ, ಹಾಗಾಗಿ ಹೊಟ್ಟೆಯ ಪಕ್ಕದಲ್ಲಿದ್ದರೂ ಎಚ್ಚರ.

ಹೂಡುವುದು

ಒದೆ ತಿನ್ನುವುದು ಓಡಿಸುವಾಗ ಎಂದು ಹೊಸಬರು ಅಂದುಕೊಳ್ಳುತ್ತಾರೆ. ನಾನು ಹೆಚ್ಚು ಹೆದರುವುದು ಹೂಡುವ, ಬಿಚ್ಚುವ ಹೊತ್ತಿಗೆ. ಕೈ ಪಟ್ಟಿಯಲ್ಲಿರುತ್ತದೆ, ತಲೆ ಬಗ್ಗಿರುತ್ತದೆ, ಪಕ್ಕದಲ್ಲೇ ಹಿಂಗಾಲು.

ಒಬ್ಬರೇ ಹೂಡಬೇಡಿ. ಒಬ್ಬರು ಕುದುರೆಯ ತಲೆಯ ಬಳಿ ನಿಂತು ಹಿಡಿದುಕೊಳ್ಳಲಿ. ಗಟ್ಟಿ ಬೂಟು, ತಲೆಗೆ ಹೆಲ್ಮೆಟ್ ಇರಲಿ. ಲಗಾಮು ತೊಡಿಸದೆ ಗಾಡಿಗೆ ಕಟ್ಟಬಾರದು. ಕುದುರೆಯನ್ನು ಹಿಂದಕ್ಕೆ ನೂಕುವ ಬದಲು ಗಾಡಿಯನ್ನೇ ಮೆಲ್ಲಗೆ ಎಳೆತಂದು ಎರಡೂ ಮೂಕಿಮರಗಳನ್ನು ಅದರ ಪಕ್ಕಗಳಿಗೆ ತನ್ನಿ. ಮರದ ತುದಿ ತೊಡೆಗೆ ತಿವಿಯಬಾರದು. ಮೊದಲು ಎಳೆಯುವ ಪಟ್ಟಿ ಕಟ್ಟಿ, ಆಮೇಲೆ ತೊಡೆಯ ಹಿಂದೆ ಸುತ್ತುವ ಪಟ್ಟಿ. ಎಲ್ಲವನ್ನೂ ಪಕ್ಕದಲ್ಲಿ ನಿಂತೇ ಮಾಡಿ. ಗಾಡಿಗೂ ಹಿಂಗಾಲಿಗೂ ನಡುವೆ ತೂರಬೇಡಿ.

ತೊಡೆಪಟ್ಟಿಯನ್ನು ಅಲಕ್ಷ್ಯ ಮಾಡಬೇಡಿ. ಇಳಿಜಾರಿನಲ್ಲಿ ಗಾಡಿಯನ್ನು ತಡೆಯುವುದು ಅದೇ. ಕುದುರೆ ಎಳೆಯುತ್ತಿರುವಾಗ ಪಟ್ಟಿಗೂ ತೊಡೆಗೂ ನಡುವೆ ಒಂದು ಅಂಗೈಯಗಲ ಜಾಗ ಇದ್ದರೆ ಸರಿ. ಅದಕ್ಕಿಂತ ಸಡಿಲವಾದರೆ ಗಾಡಿ ಬಂದು ಕಾಲಿಗೆ ಬಡಿಯುತ್ತದೆ, ಶಾಂತ ಕುದುರೆಯೂ ಒದೆಯುತ್ತದೆ. ಒದೆಯುವ ಚಾಳಿ ಇದ್ದರೆ ಸೊಂಟದ ಮೇಲಿಂದ ಇನ್ನೊಂದು ಪಟ್ಟಿ ಹಾಯಿಸಿ ಎರಡೂ ಬದಿಯ ಮೂಕಿಮರಕ್ಕೆ ಬಿಗಿಯಿರಿ. ಆಗ ಹಿಂಭಾಗ ಎತ್ತಲಾಗದು. ನಡಿಗೆಗೆ ಅಡ್ಡಿಯಾಗದಷ್ಟು ಸಡಿಲ ಬಿಡಿ.

ಓಡಿಸುವುದು

ಮೂಕಿಯ ಮೇಲೆ ಕೂಡಬೇಡಿ, ಕಾಲು ಮುಂದಕ್ಕೆ ಇಳಿಬಿಡಬೇಡಿ. ಚಾಬೂಕು ಬಾಲದ ಬುಡಕ್ಕೆ ತಾಗದಿರಲಿ. ಒದೆಯಲು ಕುದುರೆ ತಲೆ ತಗ್ಗಿಸಿ ಬೆನ್ನು ಉಬ್ಬಿಸುತ್ತದೆ. ಆ ಸುಳಿವು ಸಿಕ್ಕೊಡನೆ ಲಗಾಮಿನಿಂದ ತಲೆ ಮೇಲೆತ್ತಿ, ಗದರಿಸಿ, ಮುಂದಕ್ಕೇ ನಡೆಸಿ. ಮುಂದೆ ಸಾಗುವ ಕುದುರೆಗೆ ಒದೆಯುವುದು ಕಷ್ಟ. ಲಗಾಮಿನ ಹಗ್ಗ ಬಾಲದಡಿ ಸಿಕ್ಕರೆ ಜಗ್ಗಬೇಡಿ. ಸಡಿಲ ಬಿಟ್ಟು ನಿಲ್ಲಿಸಿ, ಜೊತೆಗಾರರು ತಲೆ ಹಿಡಿದ ಮೇಲೆ ಪಕ್ಕದಿಂದ ಬಿಡಿಸಿ.

ಒದೆ ಬಿದ್ದೇಬಿಟ್ಟರೆ, ಅದರಲ್ಲೂ ಹೊಟ್ಟೆ, ಎದೆ, ತಲೆಗೆ, ಹೊರಗೆ ಗಾಯ ಕಾಣದಿದ್ದರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತ ಸೋರುತ್ತಿರಬಹುದು. ಚರ್ಮ ಹರಿದಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ಬಿಚ್ಚುವುದು

ಕೂತವರೆಲ್ಲ ಇಳಿಯಲಿ. ಹೂಡಿದ್ದರ ತಿರುವುಮುರುವು: ಮೊದಲು ತೊಡೆಪಟ್ಟಿ, ಆಮೇಲೆ ಎಳೆಯುವ ಪಟ್ಟಿ. ಗಾಡಿಯನ್ನು ಹಿಂದಕ್ಕೆ ಸರಿಸಿದ ಮೇಲಷ್ಟೇ ಲಗಾಮಿಗೆ ಕೈ ಹಾಕಿ. ಬಯಲಿಗೆ ಬಿಡುವಾಗ ಬಿಡುಗಡೆಯ ಖುಷಿಗೆ ಹಿಂಗಾಲು ಝಾಡಿಸುವುದು ಕುದುರೆಯ ಸ್ವಭಾವ. ಅದಕ್ಕೇ ಮುಖವನ್ನು ನಿಮ್ಮ ಕಡೆ ತಿರುಗಿಸಿಕೊಂಡು ಬಿಚ್ಚಿ, ಕೂಡಲೇ ಹಿಂದೆ ಸರಿಯಿರಿ.