ಕೊಳ್ಳೇಗಾಲದಲ್ಲಿ ಕೂತು ಗೆಲಾಕ್ಸಿಗಳ ಜಲಜನಕ ತೂಗಿದ್ದು

1. ಅನಿಲವೆಲ್ಲ ಒಂದೇ ಅಲ್ಲ

ಗೆಲಾಕ್ಸಿಗಳನ್ನು ಕಂಪ್ಯೂಟರಿನಲ್ಲೇ ಬೆಳೆಸಿ ನೋಡುವ ಇಲಸ್ಟ್ರಿಸ್ ಟಿಎನ್‌ಜಿ ಎಂಬ ಸಿಮ್ಯುಲೇಷನ್‌ನ ದತ್ತಾಂಶ 2018ರ ಕೊನೆಗೆ ಎಲ್ಲರಿಗೂ ಮುಕ್ತವಾಯಿತು. ನಾನೂ ಒಂದು ಗೆಲಾಕ್ಸಿ ಆರಿಸಿಕೊಂಡು, ಅದರ ಜಲಜನಕವನ್ನೆಲ್ಲ ಕೂಡಿ, ರೇಡಿಯೊ ದೂರದರ್ಶಕಕ್ಕೆ ಕಾಣುವುದು ಇಷ್ಟು ಎಂದು ಬರೆದಿಟ್ಟೆ. ಶುದ್ಧ ತಪ್ಪು. 21 ಸೆಂ.ಮೀ. ಅಲೆ ಹೊರಡುವುದು ಎಲೆಕ್ಟ್ರಾನ್ ಕಳೆದುಕೊಳ್ಳದ, ಜೋಡಿಯಾಗಿ ಅಣುವೂ ಆಗದ ಬಿಡಿ ಪರಮಾಣುವಿನಿಂದ. ಗೆಲಾಕ್ಸಿಯ ಸುತ್ತಲಿನ ಬಿಸಿ ಅನಿಲದಲ್ಲಿ ಎಲೆಕ್ಟ್ರಾನ್ ಕಿತ್ತುಹೋಗಿರುತ್ತದೆ. ನಕ್ಷತ್ರ ಹುಟ್ಟುವ ದಟ್ಟ ಜಾಗದಲ್ಲಿ ಬಹುಪಾಲು ಅಣುಗಳಾಗಿರುತ್ತದೆ. ಪರಮಾಣು ಎಷ್ಟು, ಅಣು ಎಷ್ಟು ಎಂದು ಟಿಎನ್‌ಜಿ ತಾನಾಗಿ ಹೇಳುವುದಿಲ್ಲ. ಆಮೇಲೆ ನಾವೇ ಸೂತ್ರ ಹಾಕಿ ಪಾಲು ಮಾಡಬೇಕು. ಒಬ್ಬರ ಸೂತ್ರ ಅನಿಲದ ಒತ್ತಡ ನೋಡುತ್ತದೆ, ಇನ್ನೊಬ್ಬರದು ಧೂಳು ಮತ್ತು ನೇರಳಾತೀತ ಬೆಳಕನ್ನು. ಎರಡರ ಉತ್ತರವೂ ಒಂದೇ ಆಗಿರುವುದಿಲ್ಲ.

2. 0.6774ರಿಂದ ಭಾಗಿಸಿ

ಕಡತದಲ್ಲಿನ ದ್ರವ್ಯರಾಶಿಯನ್ನು ಹಬಲ್ ಸ್ಥಿರಾಂಕಕ್ಕೆ ಸೇರಿದ ಈ ಸಂಖ್ಯೆಯಿಂದ ಭಾಗಿಸದಿದ್ದರೆ ಮೂರರಲ್ಲೊಂದು ಪಾಲು ಮಾಯ. ನನ್ನ ಲೆಕ್ಕದಲ್ಲೂ ಮಾಯವಾಗಿತ್ತು. ಕಪ್ಪುಕುಳಿ ಅನಿಲವನ್ನು ಹೊರದಬ್ಬಿದೆ ಎಂದು ಅದರ ತಲೆಗೆ ಕಟ್ಟಿ ಪುಟಗಟ್ಟಲೆ ವಿವರಣೆಯನ್ನೂ ಬರೆದಿದ್ದೆ.

3. ಪೂರ್ತಿ ಕಡತ ಇಳಿಸಲು ಹೋಗಬೇಡಿ

ಟಿಎನ್‌ಜಿಯ ಸಿಮ್ಯುಲೇಷನ್‌ಗಳಲ್ಲೊಂದಾದ ಟಿಎನ್‌ಜಿ100ರ ಒಂದು ಕಾಲಘಟ್ಟದ ಕಡತವೇ ಟೆರಾಬೈಟ್ ಮೀರುತ್ತದೆ. ಹನೂರಿನ ಕಡೆ ಮಳೆ ಶುರುವಾದರೆ ಇಲ್ಲಿ ಕೊಳ್ಳೇಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ. ಬೇಕಾದ ಗೆಲಾಕ್ಸಿಯನ್ನಷ್ಟೇ ಕತ್ತರಿಸಿ ತರಿಸಿಕೊಳ್ಳಬಹುದು ಎಂದು ನನಗೆ ಗೊತ್ತಾದದ್ದು ತಡವಾಗಿ.

4. ಒಂದು ಚುಕ್ಕೆಯನ್ನು ಮೋಡ ಅನ್ನಬೇಡಿ

ಅದೇ ಟಿಎನ್‌ಜಿ100ರಲ್ಲಿ ಅನಿಲವನ್ನು ಹಂಚಿಟ್ಟ ಒಂದೊಂದು ಕೋಶವೂ ಸುಮಾರು 14 ಲಕ್ಷ ಸೂರ್ಯರಷ್ಟು ತೂಕ. ನಾನು ಮೋಡವೆಂದು ಹೆಸರಿಟ್ಟು ಮುದ್ದು ಮಾಡಿದ್ದು ಇಂಥ ಬೆರಳೆಣಿಕೆಯ ಕೋಶಗಳನ್ನು.

5. ದೂರದರ್ಶಕಕ್ಕೆ ಕಾಣುವಷ್ಟನ್ನೇ ನೋಡಿ

ಪುಣೆ ಬಳಿಯ ಖೋಡದ್‌ನ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 45 ಮೀಟರ್ ಅಗಲದ 30 ಆಂಟೆನಾಗಳಿವೆ. ಸುಮಾರು 800 ಕೋಟಿ ವರ್ಷ ಹಿಂದಿನ ಗೆಲಾಕ್ಸಿಗಳ ಜಲಜನಕವನ್ನು ಅಳೆಯಲು 2020ರಲ್ಲಿ ಅದನ್ನು ಬಳಸಿದ ವಿಜ್ಞಾನಿಗಳು 7,653 ಗೆಲಾಕ್ಸಿಗಳ ಸಂಕೇತವನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯಬೇಕಾಯಿತು. ಬಿಡಿಯಾಗಿ ಒಂದೂ ಕಾಣುವಂತಿರಲಿಲ್ಲ. ನಾನೋ, ಸಿಮ್ಯುಲೇಷನ್‌ನಲ್ಲಿ ಅದೇ ಕಾಲದ ಒಂದೇ ಗೆಲಾಕ್ಸಿಯ ಸುರುಳಿ ತೋಳುಗಳನ್ನು ಬಣ್ಣ ಹಚ್ಚಿ ತೋರಿಸುತ್ತಿದ್ದೆ. ಚೆಂದವಿತ್ತು, ಹೋಲಿಸಲು ಬರುತ್ತಿರಲಿಲ್ಲ. ಈಗ ಅವರು ಆರಿಸಿದಂಥ ಗೆಲಾಕ್ಸಿಗಳನ್ನೇ ಆರಿಸಿ, ದೂರದರ್ಶಕದ ನೋಟದಷ್ಟೇ ಮಸುಕು ಮಾಡಿ, ಆಮೇಲೆ ಸರಾಸರಿ ತೆಗೆಯುತ್ತೇನೆ.

6. ಏನನ್ನು ತುಂಬಿಲ್ಲ ಎಂದು ಬರೆದಿಟ್ಟುಕೊಳ್ಳಿ

ಯಳಂದೂರಿನ ಶಾಲೆಯೊಂದರಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಒಬ್ಬಳು ಹುಡುಗಿ ಎದ್ದು, "ನೀವು ತುಂಬಿದ್ದನ್ನೇ ಅದು ತಿರುಗ್ಸಿ ಕೊಟ್ರೆ ಹೊಸ್ದು ಏನ್ ಸಿಕ್ತು ಸಾ?" ಅಂದಳು. ಅವತ್ತು ಏನೋ ಹಾರಿಕೆಯ ಮಾತಾಡಿ ಬಂದೆ. ಸರಿಯಾದ ಉತ್ತರ ಇತ್ತು: ಟಿಎನ್‌ಜಿ ಕಟ್ಟಿದವರು ನಕ್ಷತ್ರಗಳ ಒಟ್ಟು ರಾಶಿ, ಅವು ಹುಟ್ಟುವ ವೇಗ ಇಂಥವನ್ನು ನೋಡಿ ನಿಯತಾಂಕ ಹೊಂದಿಸಿದ್ದರು, ಪರಮಾಣು ಜಲಜನಕವನ್ನು ನೋಡಿ ಅಲ್ಲ. ಹಾಗಾಗಿ ಅದರ ಜಲಜನಕ ಆಕಾಶದ್ದಕ್ಕೆ ತಾಳೆಯಾದರೂ ಸುದ್ದಿ, ಆಗದಿದ್ದರೆ ಇನ್ನೂ ದೊಡ್ಡ ಸುದ್ದಿ. ಆದರೆ ಹುಡುಗಿಯ ಮಾತು ಪೂರ್ತಿ ಸುಳ್ಳೂ ಅಲ್ಲ, ಪಾಲು ಮಾಡುವ ಸೂತ್ರ ತುಂಬಿದವನು ನಾನೇ ತಾನೆ? ಅದಕ್ಕೇ ಎರಡು ಸೂತ್ರಗಳ ಗೆರೆಯನ್ನೂ ಒಂದೇ ನಕ್ಷೆಯಲ್ಲಿ ಎಳೆಯುತ್ತೇನೆ. ಅವೆರಡರ ನಡುವಿನ ಅಂತರವೇ ದೂರದರ್ಶಕದ ಜೊತೆಗಿನ ಅಂತರಕ್ಕಿಂತ ದೊಡ್ಡದಾಗಿರುವಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇನೆ.