ಹಿತ್ತಲ ಸೋರೆಯೂ ಪ್ರಸಾದಿಯ ಅವಧಾನವೂ

ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹೇಳಿರುವ ಭಕ್ತಿಯು ಅವಧಾನಭಕ್ತಿ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಎಚ್ಚರ. ಈ ಎಚ್ಚರವನ್ನು ನಾವು ಬಹುಮಟ್ಟಿಗೆ ಪೂಜೆಯ ವೇಳೆಗೆ ಮೀಸಲಿಟ್ಟು, ಅಡಿಗೆಮನೆಯ ಈಳಿಗೆಮಣೆಯ ಬಳಿಗೆ ಬರಗೊಡುವುದಿಲ್ಲ. ನನ್ನ ಮನೆಯಲ್ಲಿಯೇ ಹೀಗಾದುದನ್ನು ಮೊದಲು ಹೇಳುವೆನು.

ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವೆಡೆ ಒಂದು ಸೋರೆಯ ಬಳ್ಳಿಯನ್ನು ಹಬ್ಬಿಸಿದ್ದೆವು. ಬೀಜ ಪೇಟೆಯದಲ್ಲ, ಹಿಂದಿನ ವರುಷ ನಮ್ಮದೇ ಬಳ್ಳಿಯಲ್ಲಿ ಬಲಿತ ಕಾಯಿಯದು. ಬಳ್ಳಿ ಚಪ್ಪರವೇರಿ, ಸಂಜೆ ಸಂಜೆಗೆ ಬಿಳಿಯ ಹೂ ಅರಳಿ, ಕಾಯಿ ಕಚ್ಚಿದುದನ್ನು ಕಂಡು ಮನೆಮಂದಿಗೆಲ್ಲ ಹಿಗ್ಗು. ಮೊದಲ ಕಾಯಿ ನಮಗಲ್ಲವೆಂದು ಶ್ರಾವಣ ಸೋಮವಾರದ ದಾಸೋಹಕ್ಕೆ ಕಾಯ್ದಿರಿಸಿದೆವು. ನೋಟಕ್ಕೆ ಅದರಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಎಳೆಯದು, ನುಣುಪಾದುದು, ಉಗುರೂರಿದರೆ ಇಳಿಯುವಂತಹುದು. ಪಲ್ಯವಾಯಿತು, ಅರ್ಪಿತವಾಯಿತು, ಎಲೆಗೆ ಬಂದಿತು. ಬಂದ ಅತಿಥಿಗಳು ಒಂದು ತುತ್ತಿಗೇ ಕೈ ತಡೆದರು, ಸಂಕೋಚದಿಂದ ಮಾತನಾಡಲಿಲ್ಲ. ಕೊನೆಯ ಪಂಕ್ತಿಯಲ್ಲಿ ಕುಳಿತ ನಮ್ಮ ಸೋದರತ್ತೆಯವರು ಮಾತ್ರ, "ಪ್ರಸಾದವನ್ನು ಎಲೆಯಲ್ಲಿ ಬಿಡುವುದುಂಟೇನಪ್ಪ? ಕಹಿಯಾದರೇನು, ಪಿತ್ತಕ್ಕೆ ಒಳ್ಳೆಯದೇ" ಎಂದು ತಮ್ಮ ಪಾಲನ್ನಷ್ಟೂ ಮುಗಿಸಿ ಎಲೆ ಬಳಿದರು.

ಅಂದು ರಾತ್ರಿ ಅವರಿಗೆ ಬಿಡದೆ ವಾಂತಿ, ಭೇದಿ. ಎದ್ದು ನಿಂತರೆ ಕಣ್ಣುಕತ್ತಲೆ. ಆಸ್ಪತ್ರೆಯ ವೈದ್ಯರು ಮೊದಲು ಕೇಳಿದ ಪ್ರಶ್ನೆಯೇ, "ಕಹಿ ಸೋರೆ ತಿಂದಿರಾ?" ಎಂಬುದು. ಸಲೈನು ಏರಿಸಿಕೊಂಡು ಮೂರನೆಯ ದಿನ ಮನೆಗೆ ಮರಳಿದರು.

ಕಹಿಸೋರೆಯಲ್ಲಿರುವ ವಿಷಕ್ಕೆ ಕುಕುರ್ಬಿಟಾಸಿನ್ ಎಂದು ಹೆಸರು. ಸೋರೆ, ಸೌತೆ, ಕುಂಬಳಗಳ ಕುಲವೆಲ್ಲ ತನ್ನನ್ನು ತಿನ್ನುವ ಪ್ರಾಣಿಗಳಿಂದ ಕಾಪಾಡಿಕೊಳ್ಳಲು ಇದನ್ನು ಇಟ್ಟುಕೊಂಡಿದೆ. ಮನುಷ್ಯನು ತಲೆತಲಾಂತರದಿಂದ ಸಿಹಿಯಾದ ಬಳ್ಳಿಯ ಬೀಜವನ್ನೇ ಆರಿಸಿ ಬಿತ್ತಿ ಅದನ್ನು ತಗ್ಗಿಸಿದನು. ಬೇಯಿಸಿದರೆ ಅದು ಅಳಿಯದು. ಬೆಲ್ಲ ಹುಣಿಸೆಗಳು ನಾಲಗೆಯನ್ನು ವಂಚಿಸಬಲ್ಲವೇ ಹೊರತು ಹೊಟ್ಟೆಯನ್ನಲ್ಲ. ಅದಕ್ಕೆ ಪ್ರತಿವಿಷವೂ ಇಲ್ಲ. ಸೋರೆಯ ಹಸಿರಸ ಕುಡಿದವರಲ್ಲಿ ರಕ್ತವಾಂತಿಯೂ ಸಾವೂ ಸಂಭವಿಸಿದುದರಿಂದ, 2011ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಕಹಿಯಾದ ರಸವನ್ನು ಕುಡಿಯಲೇ ಬಾರದೆಂದು ಆ ಸಮಿತಿಯ ಸಲಹೆ. ಹಾಗಲದ ಕಹಿಯನ್ನು ಇದಕ್ಕೆ ಸಾಕ್ಷಿಗೆ ಕರೆಯುವಂತಿಲ್ಲ. ಹಾಗಲಕ್ಕೆ ಕಹಿಯೇ ಸಹಜಗುಣ, ಅದರ ಕಹಿದ್ರವ್ಯವೂ ಬೇರೆ. ಸೋರೆಗೆ ಕಹಿ ಬಂದರೆ ಅದು ಮುನ್ನೆಚ್ಚರಿಕೆ.

ಹಾಗಾದರೆ ಅಡಿಗೆಗೆ ಮುನ್ನ ರುಚಿ ನೋಡಬೇಕಲ್ಲವೆ? ಇಲ್ಲಿಯೇ ನಮ್ಮವರು ತೊಡಕು ಕಾಣುತ್ತಾರೆ. ಲಿಂಗಕ್ಕೆ ಅರ್ಪಿಸದುದನ್ನು ಕೊಳ್ಳಲಾಗದೆಂಬ ನೇಮವಿರುವಾಗ ಮೊದಲೇ ನಾಲಗೆಗೆ ಮುಟ್ಟಿಸುವುದೆಂತು? ನನ್ನ ಅತ್ತೆಯವರ ಆಕ್ಷೇಪಣೆಯೂ ಇದೇ ಆಗಿತ್ತು, ಮತ್ತು ಅದು ತಳ್ಳಿಹಾಕತಕ್ಕುದಲ್ಲ. ಆದರೆ ಇಷ್ಟಲಿಂಗಕ್ಕೆ ರೂಪು, ಪ್ರಾಣಲಿಂಗಕ್ಕೆ ರುಚಿ, ಭಾವಲಿಂಗಕ್ಕೆ ತೃಪ್ತಿ ಎಂದು ಅರ್ಪಿತದ ಕ್ರಮವನ್ನು ಹೇಳಿದೆ. ರೂಪನ್ನಷ್ಟೇ ನೋಡಿ ನಾವು ಅಂದು ಮೋಸಹೋದೆವು. ರುಚಿಯ ಮಾತನ್ನು ಕೇಳಲಿಲ್ಲ. ಕಡಲೆಯಷ್ಟು ಹೋಳನ್ನು ನಾಲಗೆಗೆ ಮುಟ್ಟಿಸಿ ಉಗುಳುವುದು ಭೋಗವಲ್ಲ, ಪರೀಕ್ಷೆ. ಇದಕ್ಕೂ ಮನವೊಪ್ಪದವರು ಸ್ನಾನಪೂಜೆಗಳ ಬಳಿಕ ಆ ಹೋಳನ್ನೇ ಲಿಂಗಕ್ಕೆ ತೋರಿ ಅನಂತರ ನಾಲಗೆಗೆ ಮುಟ್ಟಿಸಲಿ. ತೊಟ್ಟಿನ ಕಡೆಯಿಂದೊಂದು, ತುದಿಯ ಕಡೆಯಿಂದೊಂದು ಹೋಳನ್ನು ನೋಡಬೇಕು; ಕಹಿ ತಗುಲಿದರೆ ಇಡೀ ಕಾಯನ್ನು ಮಣ್ಣಿಗೆ ಸೇರಿಸಬೇಕು, ದನಕ್ಕೂ ಹಾಕಲಾಗದು. ಮೈಮರೆತು ಬೇಯಿಸಿ ಅರ್ಪಿಸಿಯೇ ಬಿಟ್ಟಿದ್ದರೆ, ಅದನ್ನು ಎತ್ತಿ ಗಿಡದ ಬುಡದಲ್ಲಿ ಮುಚ್ಚುವುದು ಪ್ರಸಾದದ ಅವಮಾನವಲ್ಲವೆಂದು ನನ್ನ ತಿಳುವಳಿಕೆ. ಕಾಯವೇ ಕೆಟ್ಟರೆ ಕಾಯಕವೆಲ್ಲಿ?

ಕಹಿ ಬಂದುದೆಲ್ಲಿಂದ? ನೀರಿನ ಕೊರತೆ, ಬಿಸಿಲಿನ ಬೇಗೆಗಳಿಂದಲೂ ಕಹಿ ಹೆಚ್ಚುವುದುಂಟು. ನಮ್ಮ ಬಳ್ಳಿಗೆ ಆ ಕಷ್ಟವಿರಲಿಲ್ಲ. ಆದರೆ ಹಿಂದಿನ ವರುಷ, ತಂಬೂರಿಗೆ ಬುರುಡೆಯಾದೀತೆಂದು ಬೇಲಿಯ ಮೇಲೆ ಒಂದು ಕಾಡುಸೋರೆಯನ್ನು ಕೀಳದೆ ಬಿಟ್ಟಿದ್ದೆನು. ಸಂಜೆ ಅರಳುವ ಹೂವಿಗೆ ಇರುಳಿನ ಪತಂಗಗಳು ಬಂದು ಅಲ್ಲಿಯ ಪರಾಗವನ್ನು ಇಲ್ಲಿಗೆ ತಂದಿರಬೇಕು. ಹಾಗಾದರೂ ಆ ವರುಷದ ತಿರುಳು ಸಿಹಿಯಾಗಿಯೇ ಇರುತ್ತದೆ, ಒಳಗಿನ ಬೀಜ ಮಾತ್ರ ಬೆರೆತಿರುತ್ತದೆ; ಮರುವರುಷ ಅದನ್ನು ಬಿತ್ತಿದಾಗಲೇ ಗುಟ್ಟು ಹೊರಬೀಳುವುದು. ಮನೆಯ ಬೀಜವೇ ಬೇಕೆಂಬವರು, ಬುಡದಲ್ಲಿ ರೋಮವುಳ್ಳ ಪುಟ್ಟ ಕಾಯಿಯಿರುವ ಹೆಣ್ಣುಮೊಗ್ಗನ್ನೂ ಉದ್ದ ತೊಟ್ಟಿನ ಗಂಡುಮೊಗ್ಗನ್ನೂ ಅರಳುವ ಮುನ್ನವೇ ಬಟ್ಟೆಯಲ್ಲಿ ಕಟ್ಟಿ, ಸಂಜೆ ಅರಳಿದಾಗ ಗಂಡುಹೂವಿನ ಪರಾಗವನ್ನು ಕೈಯಿಂದಲೇ ಸೋಕಿಸಿ, ಮತ್ತೆ ಕಟ್ಟಿ ಗುರುತಿಡಬೇಕು.

ಆ ಬಳ್ಳಿಯನ್ನು ಬುಡಸಹಿತ ಕಿತ್ತೆವು. ಬಲಿತಿದ್ದ ಎರಡು ಕಾಯಿಗಳು ಬುರುಡೆಯಾಗಲೆಂದು ಅಟ್ಟದಲ್ಲಿ ಒಣಗುತ್ತಿವೆ. ಅವುಗಳ ಬೀಜವನ್ನು ಒಲೆಗೆ ಹಾಕುವುದೆಂದು ನಿಶ್ಚಯಿಸಿದ್ದೇವೆ. ಈಗ ಸೋರೆ ಹೆಚ್ಚುವ ದಿನ ಅತ್ತೆಯವರು ತಾವೇ ಈಳಿಗೆಮಣೆಯ ಬಳಿ ಬಂದು ಕುಳಿತು, "ಮೊದಲ ಹೋಳು ಇತ್ತ ಕೊಡಮ್ಮ" ಎಂದು ಸೊಸೆಯ ಮುಂದೆ ಕೈಚಾಚುತ್ತಾರೆ.