ಎಳೆಯುವ ಮೊದಲು, ಎಳೆದ ಮೇಲೆ

ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೊಠಡಿಯಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಕೂಸನ್ನು ಎಳೆದು ಹೊರತರುವ ವ್ಯಾಕ್ಯೂಮ್ ಕಪ್, ಫೋರ್ಸೆಪ್ಸ್ ಇಕ್ಕಳ ಎರಡೂ ಜೀವ ಉಳಿಸಿದ್ದನ್ನು ಕಂಡಿದ್ದೇನೆ. ಎರಡರಿಂದಲೂ ಗಾಯವಾದದ್ದನ್ನೂ ಕಂಡಿದ್ದೇನೆ. ಹೊಸದಾಗಿ ಡ್ಯೂಟಿಗೆ ಬರುವ ವೈದ್ಯರಿಗೆ, ಸಿಸ್ಟರ್‌ಗಳಿಗೆ ದಿನವೂ ಹೇಳುವ ಮಾತುಗಳಿವು.

1. ಕಪ್ಪನ್ನು ಮೊದಲು ನಿಮ್ಮ ಅಂಗೈಗೆ ಹಚ್ಚಿ ನೋಡಿ. ಒಂದು ರಾತ್ರಿ ಪಾಳಿ. ತಾಯಿ ಸುಸ್ತಾಗಿದ್ದಳು, ಕೂಸಿನ ಎದೆಬಡಿತ ಇಳಿಯುತ್ತಿತ್ತು. ಕಪ್ ಇಟ್ಟು ಪಂಪ್ ಒತ್ತಿದರೆ ಒತ್ತಡ ತೋರಿಸುವ ಮುಳ್ಳು ಏರಿದಂತೆ ಮಾಡಿ ಮತ್ತೆ ಜಾರುತ್ತಿತ್ತು. ರಬ್ಬರ್ ಟ್ಯೂಬು ಜೋಡಣೆಯ ಹತ್ತಿರ ಕೂದಲೆಳೆಯಷ್ಟು ಸೀಳಿತ್ತು. ಬೇರೆ ಟ್ಯೂಬು ಸಿಗುವವರೆಗಿನ ಆ ಎರಡು ನಿಮಿಷ ಇಂದಿಗೂ ಮರೆತಿಲ್ಲ. ಆಮೇಲಿಂದ ಪಾಳಿ ಬದಲಾಗುವಾಗಲೇ ಗ್ಲೌಸ್ ಹಾಕಿದ ಅಂಗೈಗೆ ಕಪ್ ಹಚ್ಚಿ, ಮುಳ್ಳು ನಿಲ್ಲುತ್ತದೆಯೇ ಎಂದು ನೋಡುತ್ತೇವೆ. ಒಂದೇ ಸಲ ಬಳಸಬೇಕಾದ ಕಪ್ಪನ್ನು ತೊಳೆದು ಮತ್ತೆ ಬಳಸುವ ಉಳಿತಾಯ ಯಾರಿಗೂ ಬೇಡ.

2. ತಲೆ ಯಾವ ಕಡೆ ತಿರುಗಿದೆ ಎಂದು ಖಚಿತವಾಗದೆ ಉಪಕರಣ ಮುಟ್ಟಬೇಡಿ. ಕಪ್ಪಿನ ನಡು ಕೂರಬೇಕಾದ್ದು ಹಿಂದಿನ ಸುಳಿಯಿಂದ ಸುಮಾರು 3 ಸೆಂ.ಮೀ. ಮುಂದೆ, ತಲೆಬುರುಡೆಯ ನಡುಗೆರೆಯ ಮೇಲೆ. ಅಲ್ಲಿ ಕೂತರೆ ಎಳೆದಾಗ ಕೂಸಿನ ಗದ್ದ ಎದೆಗೆ ಬಾಗಿ, ತಲೆಯ ಕಿರಿದಾದ ಅಳತೆ ದಾರಿಗೆ ಬರುತ್ತದೆ. ಇನ್ನೂ ಮುಂದೆ ಕೂತರೆ ತಲೆ ಹಿಂದಕ್ಕೆ ವಾಲಿ ಸಿಕ್ಕಿಕೊಳ್ಳುತ್ತದೆ. ನೆತ್ತಿ ಊದಿದ್ದಾಗ ಬೆರಳು ಮೋಸಹೋಗುತ್ತದೆ. ಆಗ ತಾಯಿಯ ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ಕೂಸಿನ ಕಣ್ಣು ಎಲ್ಲಿದೆ ಎಂದು ನೋಡಿ.

3. ಎಳೆಯುವ ಮುಂಚೆ ಕಪ್ಪಿನ ಅಂಚಿನ ಸುತ್ತ ಬೆರಳಾಡಿಸಿ. ತಾಯಿಯ ಮೈ ಕಪ್ಪಿನಡಿ ಸಿಕ್ಕಿಕೊಂಡಿದ್ದರೆ ಹರಿಯುತ್ತದೆ.

4. ನೋವು ಬಂದಾಗ, ತಾಯಿ ತಿಣುಕುವಾಗ ಮಾತ್ರ ಎಳೆಯಿರಿ. ನಮ್ಮಲ್ಲಿ ಸಿಸ್ಟರ್ ಗಟ್ಟಿಯಾಗಿ ಎಣಿಸುತ್ತಾರೆ. ಮೂರು ಸಲ ಎಳೆದರೂ ತಲೆ ಇಳಿಯದಿದ್ದರೆ, ಕಪ್ ಎರಡು ಸಲ ಕಿತ್ತುಬಂದರೆ, 20 ನಿಮಿಷ ದಾಟಿದರೆ ನಿಲ್ಲಿಸಿಬಿಡಬೇಕು. ‘ಇನ್ನೊಂದೇ ಸಲ’ ಅನ್ನುವ ಆಸೆ ಬಹಳ ಕೆಟ್ಟದ್ದು. ವ್ಯಾಕ್ಯೂಮ್ ಸೋತ ಮೇಲೆ ಫೋರ್ಸೆಪ್ಸ್ ಹಿಡಿದರೆ ಕೂಸಿನ ತಲೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚು. ಆದ್ದರಿಂದ ಮೊದಲ ಎಳೆತಕ್ಕೆ ಮುಂಚೆಯೇ ಸಿಸೇರಿಯನ್‌ಗೆ ಥಿಯೇಟರ್ ಸಿದ್ಧವಿರಲಿ. 34 ವಾರ ತುಂಬದ ಕೂಸಿಗೆ ವ್ಯಾಕ್ಯೂಮ್ ಬೇಡ.

5. ಕೂಸು ಅತ್ತಿತೆಂದು ಕೆಲಸ ಮುಗಿಯಲಿಲ್ಲ. ಕಪ್ ಹಾಕಿ ಹೆರಿಗೆ ಮಾಡಿಸಿದ ನಾಲ್ಕು ತಾಸಿನ ಮೇಲೆ ಒಬ್ಬ ಅಜ್ಜಿ ನನ್ನನ್ನು ತಡೆದು, ‘ಡಾಕ್ಟ್ರೇ, ಕೂಸಿನ ಕಿವಿ ಯಾಕೋ ಮುಂದ ಬಂದಂಗ ಕಾಣತೈತ್ರಿ’ ಅಂದಳು. ನೆತ್ತಿ ಮುಟ್ಟಿದರೆ ನೀರು ತುಂಬಿದ ಚೀಲದಂತೆ ಅಲುಗಿತು. ನೆತ್ತಿಯ ಚರ್ಮದಡಿ ರಕ್ತ ಹರಡುತ್ತಿತ್ತು. 3 ಕೆ.ಜಿ. ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿ.ಲೀ.; ಅದರ ಅರ್ಧ ಆ ಜಾಗಕ್ಕೆ ಇಳಿದುಬಿಡಬಲ್ಲದು. ತಕ್ಷಣ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು, ರಕ್ತ ಕೊಟ್ಟರು, ಕೂಸು ಉಳಿಯಿತು. ಅಜ್ಜಿಗಿಂತ ಮೊದಲೇ ಕೂಸಿನ ಟೊಪ್ಪಿಗೆ ಬಿಚ್ಚಿ ನೋಡಬೇಕಾದವರು ನಾವು. ಈಗ ಅಂಥ ಕೂಸಿನ ನೆತ್ತಿ, ಬಣ್ಣ, ನಾಡಿ, ತಲೆಯ ಸುತ್ತಳತೆ ಮತ್ತೆ ಮತ್ತೆ ನೋಡಿ ಬರೆಯುತ್ತೇವೆ.

6. ತಾಯಿಗೆ ಹೆರಿಗೆಯಾದ ಆರು ತಾಸಿನೊಳಗೆ ಒಂದು ಡೋಸ್ ಆಂಟಿಬಯೋಟಿಕ್ ಕೊಡಿ. ಬ್ರಿಟನ್ನಿನ ಅನೋಡ್ ಅಧ್ಯಯನ 2019ರಲ್ಲಿ ತೋರಿಸಿದಂತೆ ಅದರಿಂದ ಸೋಂಕು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ.

7. ಏನನ್ನೂ ಮುಚ್ಚಿಡಬೇಡಿ. ಫೋರ್ಸೆಪ್ಸ್ ರೂಪಿಸಿದ ಇಂಗ್ಲೆಂಡಿನ ಚೇಂಬರ್ಲೆನ್ ಮನೆತನ ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಮನೆಯ ಗುಟ್ಟಾಗಿಟ್ಟಿತು. ಅಷ್ಟೂ ಕಾಲ ಬೇರೆ ತಾಯಂದಿರಿಗೆ ಅದು ದಕ್ಕಲಿಲ್ಲ. ಎಷ್ಟು ಸಲ ಎಳೆದಿರಿ, ಕಪ್ ಎಷ್ಟು ಸಲ ಕಿತ್ತುಬಂತು ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯಿರಿ, ಮನೆಯವರಿಗೂ ಅವರ ಮಾತಿನಲ್ಲೇ ಹೇಳಿ. ಆ ಅಜ್ಜಿಯಂಥವರು ಏನಾದರೂ ತೋರಿಸಿದರೆ, ದಯವಿಟ್ಟು ನಿಂತು ನೋಡಿ.